ಮಾಮಾ ನಮ್ಮ ಹಿತ್ತಿಲು ಅಗೆಸಿದ್ದು

ನನ್ನ ಸೋದರಮಾವನಿಗೆ ಭೂಮಿಯ ಮೇಲಿರುವ ಯಾವ ವಸ್ತುವಿನಲ್ಲೂ ಆಸಕ್ತಿಯಿಲ್ಲ. ಏನಿದ್ದರೂ ಅದರ ಕೆಳಗಿರುವುದರಲ್ಲಿ! ಚೇಷ್ಟೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹಿಂದೆ ಅವನಿಗೆ ಹೆಣ್ಣು ನೋಡಲು ಎಲ್ಲರೂ ಸೇರಿ ಬೆಳಗಾವಿಗೆ ಹೋಗಿದ್ದರಂತೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಎದುರಿಗೆ ನಿಂತರೆ ಈ ಮಹಾಶಯ ಕುರ್ಚಿಯಿಂದ ಇಳಿದು, ಆ ಮನೆಯ ಪಡಸಾಲೆಯ ನೆಲಗಲ್ಲನ್ನು ಬೆರಳಿನಿಂದ ತಟ್ಟಿ ತಟ್ಟಿ, ಇದರ ಕೆಳಗೆ ಪೊಳ್ಳಿದೆ ನೋಡಿ ಎಂದು ಹುಡುಗಿಯ ಅಪ್ಪನಿಗೆ ಹೇಳಿದನಂತೆ. ಹುಡುಗಿ ಹೇಗಿದ್ದಾಳೆ ಎಂದು ವಾಪಸು ಬರುವ ದಾರಿಯಲ್ಲಿ ಕೇಳಿದರೆ, ಯಾವ ಹುಡುಗಿ ಎಂದನಂತೆ. ಆಮೇಲೆ ಅವನಿಗೆ ಹೆಣ್ಣು ತೋರಿಸುವ ಸಾಹಸಕ್ಕೆ ಯಾರೂ ಹೋಗಲಿಲ್ಲ.

ಮಾಮಾ ದೊಡ್ಡ ಪಂಡಿತನೇನಲ್ಲ. ಪುಣೆಯ ಒಂದು ಕಾಲೇಜಿನ ಉತ್ಖನನ ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಪಂಡಿತರು ನೆಲ ಅಗೆಸುತ್ತಿದ್ದರು, ಅಲ್ಲಿ ಸಿಕ್ಕ ಒಡೆದ ಗಡಿಗೆಗಳ ಬೋಕಿ ಚೂರುಗಳನ್ನು ಇವನು ಪೆನ್ಸಿಲಿನಿಂದ ಕಾಗದದ ಮೇಲೆ ಇಳಿಸುತ್ತಿದ್ದ. ಪುಸ್ತಕ ಅಚ್ಚಾದಾಗ ಹೊದಿಕೆಯ ಮೇಲೆ ಪಂಡಿತರ ಹೆಸರು ಬರುತ್ತಿತ್ತು. ಒಳಗೆಲ್ಲಾದರೂ ಮಾಮಾನ ಹೆಸರಿದೆಯೇ ಎಂದು ನಾನು ಭೂತಗನ್ನಡಿ ಹಿಡಿದು ಹುಡುಕಿದ್ದೇನೆ. ಇಲ್ಲ. ಅವನಿಗೆ ಅದರ ಬೇಸರವೂ ಇದ್ದಂತೆ ಕಾಣಲಿಲ್ಲ. ತಾನಾಗಿ ಏನನ್ನೂ ಹುಡುಕಿ ತೆಗೆಯಲಿಲ್ಲವಲ್ಲ ಎಂಬ ಕೊರಗು ಮಾತ್ರ ಆಗಾಗ ಮಾತಿನ ನಡುವೆ ಇಣುಕುತ್ತಿತ್ತು.

ನನ್ನ ಮದುವೆಯ ಆಲ್ಬಮ್ ನೋಡಿದವರೆಲ್ಲ, ಮದುಮಗನ ಪಾದದ ಪಕ್ಕ ಇರುವ ಕಪ್ಪು-ಬಿಳಿ ಪಟ್ಟಿ ಏನದು ಎಂದು ಕೇಳುತ್ತಾರೆ. ಅದು ಮಾಮಾನ ಅಳತೆಪಟ್ಟಿ! ನೆಲದಲ್ಲಿ ಸಿಕ್ಕ ವಸ್ತುವಿನ ಫೋಟೋ ತೆಗೆಯುವಾಗ ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಇಂಥ ಪಟ್ಟಿ ಇಡುತ್ತಾರೆ. ಅಕ್ಷತೆ ಬಿದ್ದ ಮರುಕ್ಷಣವೇ ಮಾಮಾ ಜನರ ನಡುವೆ ನುಗ್ಗಿ ಬಂದು ಅದನ್ನು ನನ್ನ ಗಂಡನ ಕಾಲ ಬಳಿ ಇಟ್ಟು, ಫೋಟೋದವನಿಗೆ ಹೂಂ ತೆಗೆ ಎಂದು ಸನ್ನೆ ಮಾಡಿದ. ಐನೂರು ವರ್ಷದ ಮೇಲೆ ಈ ಫೋಟೋ ಯಾರ ಕೈಗಾದರೂ ಸಿಕ್ಕರೆ ಅಳಿಯ ಎಷ್ಟು ಎತ್ತರವಿದ್ದ ಅಂತ ಗೊತ್ತಾಗಬೇಡವೇ ಎಂಬುದು ಅವನ ವಾದ. ನನ್ನ ಗಂಡ ಎತ್ತರದಲ್ಲಿ ಸ್ವಲ್ಪ ಕಮ್ಮಿ. ಪಾಪ, ಆ ಸಂಗತಿಯನ್ನು ಐನೂರು ವರ್ಷ ಮುಚ್ಚಿಡಬಹುದು ಅಂದುಕೊಂಡಿದ್ದರು.

ಇಂಥವನಿಗೆ ಪುಣೆಗಿಂತ ಒಳ್ಳೆಯ ಊರು ಇನ್ನೆಲ್ಲಿ ಸಿಗಬೇಕು? ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಇಲ್ಲಿ ಎಲ್ಲಾದರೂ ಒಂದು ರಸ್ತೆ ಬಾಯಿ ತೆರೆದುಕೊಂಡಿರುತ್ತದೆ. ನಾವೆಲ್ಲ ಹೆಲ್ಮೆಟ್ಟಿನೊಳಗೆ ಶಾಪ ಹಾಕುತ್ತಾ ಸುತ್ತಿ ಹೋಗುವಾಗ ಮಾಮಾ ಮಡಚುವ ಸ್ಟೂಲು, ಚಹಾದ ಫ್ಲಾಸ್ಕು ಹಿಡಿದು ಅಗೆದ ತೋಡಿನ ಅಂಚಿನಲ್ಲಿ ಕೂತು ಮಣ್ಣಿನ ಪದರ ನೋಡುತ್ತಿರುತ್ತಾನೆ. ಒಮ್ಮೆ ಶಿವಾಜಿನಗರದಲ್ಲಿ ನೀರಿನ ಪೈಪಿಗಾಗಿ ಅಗೆಯುತ್ತಿದ್ದವರು ಇವನನ್ನು ಮೇಲಧಿಕಾರಿ ಎಂದೇ ತಿಳಿದರು. ತಿಳಿಯದೆ ಏನು? ಸ್ಟೂಲು, ಕನ್ನಡಕ, ನೋಟ್‌ಬುಕ್ಕು, ಮಾತಿಲ್ಲದ ಗಂಭೀರ ಮುಖ! ಒಂದು ವಾರದ ಕೆಲಸ ಎರಡು ದಿನಕ್ಕೆ ಮುಗಿದುಹೋಯಿತು. ಅಕ್ಕಪಕ್ಕದವರು ಬಂದು ಚರಂಡಿಯ ದೂರು ಹೇಳಿಕೊಂಡರು, ಮಾಮಾ ಅದನ್ನೂ ಬರೆದುಕೊಂಡ. ಮೂರನೆಯ ದಿನ ನಿಜವಾದ ಅಧಿಕಾರಿ ಬಂದವನು ಮಾಮಾನಿಗೆ ಕೈಮುಗಿದು, ತಡವಾಯಿತು ಕ್ಷಮಿಸಿ ಸಾಹೇಬರೇ ಎಂದು ಹೇಳಿ ಹೋದ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವನನ್ನು ನಮ್ಮ ಮನೆಯ ಕೆಲಸಕ್ಕೆ ಕರೆದೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು!

ನಮ್ಮ ಮನೆ ಇರುವುದು ಪುಣೆಯ ಹಳೆಯ ಪೇಠೆಯೊಂದರಲ್ಲಿ. ಕೆಳಗೆ ಒಬ್ಬ ಟೇಲರನ ಅಂಗಡಿ, ಮೇಲೆ ನಾವು, ನಡುವೆ ಗೋಡೆ ಹತ್ತಿದಂತೆ ಹತ್ತಬೇಕಾದ ಇಪ್ಪತ್ತೆರಡು ಮೆಟ್ಟಿಲು. ಆ ಮೆಟ್ಟಿಲಿನ ಮೇಲೆ ನನ್ನ ಅವ್ವ ಜಾರಿ ಬಿದ್ದಳು. ಮೊಣಕಾಲು ಮೊದಲೇ ಸವೆದಿದ್ದವು. ಇನ್ನು ಮೆಟ್ಟಿಲ ಕಡೆ ಕಾಲಿಡಬೇಡಿ ಎಂದರು ಡಾಕ್ಟರು. ಅಂದಿನಿಂದ ಎಂಟು ತಿಂಗಳು ಅವ್ವ ಮೇಲಿನ ಮನೆಯಲ್ಲೇ ಬಂದಿ. ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇವೆ ಎಂದರೆ ಕೇಳುತ್ತಿರಲಿಲ್ಲ. “ನನ್ನ ಮಂದಿ ಹೊರೂದು ಒಂದೇ ಸಲ, ಅದಕ್ಕ ಇನ್ನೂ ಟೈಮ್ ಅದ” ಎನ್ನುತ್ತಿದ್ದಳು.

ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿ ಮೇಲೆಳೆದುಕೊಳ್ಳುವುದು ಈ ಪೇಠೆಗಳ ಹಳೆಯ ರೂಢಿ. ಅವ್ವ ಅದನ್ನೇ ಹಿಡಿದಳು. ಮೇಲಿನಿಂದಲೇ ಗಾಡಿಯವನೊಂದಿಗೆ ಮರಾಠಿಯಲ್ಲಿ ಜಗಳ, ಮೇಲಿನಿಂದಲೇ ರಾಜಿ. ಆದರೆ ಬದನೆಕಾಯಿಯನ್ನು ಬೆರಳಿನಿಂದ ಒತ್ತಿ ನೋಡಿ ಆರಿಸುವ ಸುಖ ಬುಟ್ಟಿಯಲ್ಲಿ ಎಲ್ಲಿ ಬರಬೇಕು? ಮುಖ ಇಳಿದುಹೋಯಿತು. ಊಟ ಕಡಿಮೆಯಾಯಿತು. ನಲವತ್ತು ವರ್ಷ ದಿನಾ ತರಕಾರಿ ಮಂಡಿಗೆ ನಡೆದು ಹೋದವಳು ಕಿಟಕಿಯ ಸರಳು ಹಿಡಿದು ನಿಲ್ಲುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಹಿತ್ತಿಲಲ್ಲಿ ಅವಳಿಗೊಂದು ಖೋಲಿ, ಬಚ್ಚಲುಮನೆ ಕಟ್ಟಿಸಿ ನೆಲಕ್ಕೆ ಇಳಿಸಬೇಕು ಎಂದು ನಿಶ್ಚಯಿಸಿದೆವು.

ಪರವಾನಗಿ ಪತ್ರ ಬಂತು. ಅದರಲ್ಲೊಂದು ಷರತ್ತು. ನಮ್ಮ ಮನೆಯಿಂದ ಕೂಗಳತೆಯಲ್ಲಿ ಸರಕಾರ ಕಾಪಾಡುತ್ತಿರುವ ಹಳೆಯ ಕಟ್ಟಡವೊಂದಿದೆ. ಆದ್ದರಿಂದ ಅಡಿಪಾಯ ಅಗೆಯುವಾಗ ವಿಷಯ ಬಲ್ಲವರೊಬ್ಬರು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಬೇಕು. ಪುರಾತನವಾದದ್ದೇನಾದರೂ ಕಂಡರೆ ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಯ ಕಚೇರಿಗೆ ತಿಳಿಸಬೇಕು. ಅವರು ಬಂದು ನೋಡುವ ತನಕ ಕಡ್ಡಿಯನ್ನೂ ಅಲ್ಲಾಡಿಸುವಂತಿಲ್ಲ. ಕಾಂಟ್ರಾಕ್ಟರ್ ಕದಮ್ ಒಳ್ಳೆಯ ಮನುಷ್ಯ, ಯಾರಾದರೊಬ್ಬರ ಸಹಿ ತಂದರಾಯಿತು ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದ. ಯಾರಾದರೂ ಯಾಕೆ, ನಮ್ಮ ಮಾಮಾನೇ ಇದ್ದಾನಲ್ಲ ಎಂದೆ ನಾನು. ಈಗಲೂ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಮಾಮಾ ಹಾಜರ್. ಗೂಟ ಹೊಡೆದು, ದಾರ ಎಳೆದು, ಹಿತ್ತಿಲನ್ನೆಲ್ಲ ಚೌಕ ಚೌಕ ಮಾಡಿದ. ನನ್ನ ಬಟ್ಟೆ ಒಣಗಿಸುವ ತಂತಿಯನ್ನು ಅಡ್ಡ ಬರುತ್ತದೆಂದು ಬಿಚ್ಚಿಹಾಕಿದ. ಹನ್ನೆರಡು ದಿನ ನಮ್ಮ ಮನೆಯ ಒದ್ದೆ ಬಟ್ಟೆಗಳು ಟೇಲರನ ಅಂಗಡಿಯಲ್ಲಿ ಹೊಸ ಬಟ್ಟೆಗಳ ಜೊತೆ ತೂಗಾಡಿದವು, ಯಾರೋ ನನ್ನ ಗಂಡನ ಪ್ಯಾಂಟಿಗೆ ಗಿರಾಕಿಯಾಗಿಯೂ ಬಂದಿದ್ದರು. ಅಗೆಯಲು ಬಂದವರು ವಿಜಯಪುರದ ಕಡೆಯ ಶಾಂತವ್ವ ಮತ್ತು ಅವಳ ಗಂಡ. ಗುದ್ದಲಿ ಎತ್ತಿದರೆ ಮಾಮಾ ಅಡ್ಡ ಕೈ ಹಾಕುತ್ತಿದ್ದ. ಮೊದಲು ಕರಣೆಯಿಂದ ಕೆರೆಯಬೇಕು, ಆಮೇಲೆ ಬ್ರಶ್ಶಿನಿಂದ ಗುಡಿಸಬೇಕು, ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯಬೇಕು. ಮೊದಲ ದಿನದ ಕೊನೆಗೆ ನಾಲ್ಕು ಬೆರಳು ಆಳವಾಗಿತ್ತು.

“ಬಾಯಾರ, ಇಷ್ಟು ನಾಜೂಕಲೇ ನಾವು ಕೂಸಿಗೆ ನೀರೂ ಹಾಕೂದಿಲ್ರಿ” ಎಂದಳು ಶಾಂತವ್ವ ನನ್ನ ಕಡೆ ತಿರುಗಿ.

ಸಿಕ್ಕಿದ್ದಾದರೂ ಏನು? ಸೋಡಾ ಬಾಟಲಿಯ ಬಿಲ್ಲೆ, ಹಲ್ಲು ಮುರಿದ ಬಾಚಣಿಗೆ, ನನ್ನ ಶಾಲೆಯ ಕೈವಾರ, ಹಿಡಿಕೆ ಮಾತ್ರ ಉಳಿದ ಹಲ್ಲುಜ್ಜುವ ಬ್ರಶ್ಶು. ಪ್ರತಿಯೊಂದಕ್ಕೂ ಒಂದು ನಂಬರು, ತೊಳೆದ ಹಾಲಿನ ಚೀಲದಲ್ಲಿ ಪ್ರತ್ಯೇಕ ವಾಸ, ನೋಟ್‌ಬುಕ್ಕಿನಲ್ಲಿ ಚಿತ್ರ. ಆ ಬ್ರಶ್ಶಿನ ಚಿತ್ರ ಎಷ್ಟು ಸೊಗಸಾಗಿ ಬಂದಿತ್ತೆಂದರೆ, ನೋಡಿದವರಿಗೆ ಯಾವುದೋ ರಾಣಿ ಉಜ್ಜಿರಬೇಕು ಅನ್ನಿಸುತ್ತಿತ್ತು!

ಗುರುತು ಸಿಗದ್ದನ್ನು ಮಾಮಾ, ಅವ್ವ ಹಿಂದಿನ ಕಿಟಕಿಯಿಂದ ಇಳಿಬಿಟ್ಟ ಬುಟ್ಟಿಗೆ ಹಾಕಿ ಮೇಲೆ ಕಳಿಸುತ್ತಿದ್ದ. ಐವತ್ತೈದು ವರ್ಷದಿಂದ ಇದೇ ಮನೆಯಲ್ಲಿರುವ ಸಾಕ್ಷಿ ಅವಳೊಬ್ಬಳೇ ತಾನೆ? ನಾಲ್ಕನೆಯ ದಿನ ಹಿತ್ತಾಳೆಯ ದುಂಡನೆಯ ಬಿಲ್ಲೆಯೊಂದು ಸಿಕ್ಕಿತು, ನಡುವೆ ನಕ್ಷತ್ರದಾಕಾರದ ತೂತು. ಇದು ಯಾವುದೋ ಪೂಜೆಯ ಸಾಮಗ್ರಿ, ಸೂರ್ಯನ ಲಾಂಛನ ಇರಬಹುದು ಎಂದು ಅರ್ಧ ಗಂಟೆ ನನಗೆ ಪಾಠ ಹೇಳಿ ಬುಟ್ಟಿಗೆ ಹಾಕಿದ. ಬುಟ್ಟಿ ಮೇಲೆ ಹೋಯಿತು. ಆಮೇಲೆ ಅವ್ವನ ಮುಖ ಕಿಟಕಿಯಲ್ಲಿ ಕಾಣಿಸಿತು.

“ಅಯ್ಯ, ಇದು ನನ್ನ ಚಕ್ಕಲಿ ಒರಳಿಂದು” ಎಂದಳು.

ಆ ಬಿಲ್ಲೆ ಕಳೆದದ್ದು ನಾನು ತೊಟ್ಟಿಲಲ್ಲಿದ್ದಾಗ. ಆಗ ಮನೆಗೆ ಬಂದಿದ್ದ ನನ್ನ ಸೋದರತ್ತೆಯೇ ಅದನ್ನು ಹುಬ್ಬಳ್ಳಿಗೆ ಹೊತ್ತೊಯ್ದಳೆಂದು ಅವ್ವ ತೀರ್ಮಾನಿಸಿ, ಅವಳ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು. ಈಗ ಹುಬ್ಬಳ್ಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳಬೇಕಾಯಿತು. ಎಂಬತ್ತರ ಗಡಿಯಲ್ಲಿರುವ ಅತ್ತೆ ಆ ಕಡೆಯಿಂದ ಗೊಳೋ ಎಂದು ಅತ್ತರಂತೆ, ಆಮೇಲೆ ಇಬ್ಬರೂ ಸೇರಿ ಮೂರನೆಯವರೊಬ್ಬರನ್ನು ಬೈದುಕೊಂಡು ಹಗುರಾದರಂತೆ. ಮಾಮಾ ಮಾತ್ರ ನೋಟ್‌ಬುಕ್ಕಿನಲ್ಲಿ ಸೂರ್ಯನ ಲಾಂಛನ ಎಂಬುದನ್ನು ಹೊಡೆದುಹಾಕಿ, ಚಕ್ಕಲಿ ಎಂದು ಬರೆದು, ಮುಂದೊಂದು ಪ್ರಶ್ನೆಚಿಹ್ನೆ ಉಳಿಸಿಕೊಂಡ.

ಏಳನೆಯ ದಿನ ಬೂದಿಯ ಪದರ ಕಂಡಿತು. ಸರಿ, ಕೆಲಸ ಬಂದ್! ಹಿಂದೆ ಯಾವಾಗಲೋ ಪೇಠೆಗೆ ಬೆಂಕಿ ಬಿದ್ದ ಗುರುತಿದು ಎಂದು ಮಾಮಾ ಬೂದಿಯನ್ನು ಚಿಟಿಕೆ ಚಿಟಿಕೆಯಾಗಿ ಕಾಗದಕ್ಕೆ ಕಟ್ಟತೊಡಗಿದ. ಎರಡು ದಿನ ಕಳೆದ ಮೇಲೆ ಅವ್ವ, ಅದು ತಾನು ಬಚ್ಚಲಲ್ಲಿ ನೀರು ಕಾಯಿಸುವ ಬಂಬದಿಂದ ದಿನಾ ತೆಗೆದು ಸುರಿಯುತ್ತಿದ್ದ ಬೂದಿ ಎಂದು ಮೇಲಿನಿಂದಲೇ ತೀರ್ಪು ಕೊಟ್ಟಳು. ಎರಡು ದಿನ ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಅವನು ಖುಷಿಯಾಗಿದ್ದ, ಇರಲಿ ಅಂತ ಬಿಟ್ಟೆ ಎಂದಳು. ನಾನು ತಲೆ ಚಚ್ಚಿಕೊಂಡೆ.

ನಗುವ ಮಾತು ಇಷ್ಟಕ್ಕೆ ಮುಗಿಯಿತು. ಮೇ ತಿಂಗಳು ಕೊನೆಗೆ ಬಂದಿತ್ತು. ಮಧ್ಯಾಹ್ನವಾದರೆ ಮೋಡ ಕಟ್ಟುತ್ತಿತ್ತು. ಮೊದಲ ಮಳೆ ಬಿದ್ದರೆ ಶಾಂತವ್ವನೂ ಅವಳ ಗಂಡನೂ ಬಿತ್ತನೆಗೆ ಊರಿಗೆ ಹೋಗುವವರು. ಅಷ್ಟರೊಳಗೆ ಅಡಿಪಾಯಕ್ಕೆ ಕಾಂಕ್ರೀಟು ಬೀಳದಿದ್ದರೆ ಗುಂಡಿಯಲ್ಲಿ ನೀರು ನಿಂತು ಕೆಲಸ ದಸರೆಯ ಆಚೆಗೆ ಹೋಗುತ್ತದೆ ಎಂದು ಕದಮ್ ಕೈಚೆಲ್ಲಿದ. ದಸರೆ ಅಂದರೆ ಅವ್ವ ಇನ್ನೂ ಐದು ತಿಂಗಳು ಆ ಕಿಟಕಿಯಲ್ಲಿ. ಅಷ್ಟು ದಿನ ಅವಳು ತಡೆದಾಳೆಯೇ ಎಂಬ ಹೆದರಿಕೆ ನನಗೆ ನಿಜವಾಗಿಯೂ ಹುಟ್ಟಿತ್ತು.

ಹನ್ನೊಂದನೆಯ ದಿನ, ಕೊನೆಯ ಮೂಲೆಯಲ್ಲಿ ಹಾಸಿದ್ದ ಹಳೆಯ ಫರಶಿ ಕಲ್ಲು ಎಬ್ಬಿಸಿ ಅಗೆಯುವಾಗ ಶಾಂತವ್ವನ ಕರಣೆ ಠಣ್ ಎಂದಿತು. ಒಂದು ಚಪ್ಪಡಿ ಕಲ್ಲು. ಅದರ ಕೆಳಗೆ ಮಣ್ಣಿನ ಗಡಿಗೆಯ ಬಾಯಂಚು ಕಾಣುತ್ತಿತ್ತು, ಕಲ್ಲಿಗೂ ಗಡಿಗೆಗೂ ನಡುವೆ ಸುತ್ತ ಸುಣ್ಣ ಮೆತ್ತಿ ಭದ್ರ ಮಾಡಿದ್ದರು. ಮಾಮಾ ಈ ಸಲ ಪಾಠ ಹೇಳಲಿಲ್ಲ. ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದ. ಹೀಗೆ ಮುಚ್ಚಿದ ಗಡಿಗೆಗಳ ಚಿತ್ರ ತಾನು ಬೇರೆ ಬೇರೆ ಊರುಗಳಲ್ಲಿ ಬರೆದಿದ್ದೇನೆ, ಎಲ್ಲವೂ ನೂರಾರು ವರ್ಷ ಹಳೆಯವು ಎಂದು ಪಿಸುಗುಟ್ಟಿದ.

ಕಚೇರಿಗೆ ತಿಳಿಸಿದರೆ ಯಾರು, ಯಾವಾಗ ಬಂದಾರು? ಶಾಂತವ್ವ ಆಗಲೇ ಒಂದು ಬುಟ್ಟಿ ಮಣ್ಣು ಹಿಡಿದು, ಮುಚ್ಚಲೇ ಎಂಬಂತೆ ನನ್ನ ಮುಖ ನೋಡಿದಳು. ಯಾರೂ ನೋಡಿಲ್ಲ, ಇಲ್ಲೇ ಬಿಟ್ಟುಬಿಡು ಮಾಮಾ ಎಂದು ಗೋಗರೆದೆ. ಕೋಪವೂ ಬಂತು. ಬೋಕಿ ಚೂರು ನಿನಗೆ ಅವ್ವನಿಗಿಂತ ಹೆಚ್ಚಾಯಿತೇ ಎಂದುಬಿಟ್ಟೆ. ಅಂದ ಮೇಲೆ ಹಾಗೆ ಅನ್ನಬಾರದಿತ್ತು ಅನ್ನಿಸಿತು.

ಮಾಮಾ ಕನ್ನಡಕ ತೆಗೆದು ಒರೆಸಿಕೊಂಡ. “ಮೂವತ್ತು ವರ್ಷ ಮಂದಿಗೆ ಸಿಕ್ಕದ್ದನ್ನ ಬರದೀನವಾ. ಒಮ್ಮೇನೂ ಏನೂ ಮುಚ್ಚಿಟ್ಟಿಲ್ಲ. ಈಗ ನನಗ ಸಿಕ್ಕದ, ಈಗ ಮುಚ್ಚು ಅಂತೀ” ಎಂದ. ಕನ್ನಡಕ ಮತ್ತೆ ಏರಿಸಿ, “ಅಕ್ಕನ ಖೋಲಿ ಕೆಲಸ ನಿಂತ್ರ ನನಗ ಸಂಕಟ ಆಗೂದಿಲ್ಲೇನು?” ಎಂದು ಕೇಳಿದ.

ಅಂದು ಅವನು ಊಟ ಮಾಡಲಿಲ್ಲ. ಟೇಲರನ ಅಂಗಡಿಯ ಕಟ್ಟೆಯ ಮೇಲೆ ಕೂತು ಕಚೇರಿಗೆ ಪತ್ರ ಬರೆದ, ಒಂದೊಂದು ಸಾಲಿಗೂ ತಲೆಯೆತ್ತಿ ಕಿಟಕಿಯ ಕಡೆ ನೋಡುತ್ತಿದ್ದ. ಮರುದಿನ ಬೆಳಿಗ್ಗೆ ಗಡಿಗೆ ಇದ್ದಲ್ಲೇ ಅದರ ಚಿತ್ರ ಬರೆದು ಮುಗಿಸಿ, ಪತ್ರ ಜೇಬಿಗಿಟ್ಟು ಹೊರಟು ನಿಂತ. ಮೇಲಿನಿಂದ ಅವ್ವ, ಏನು ಸಿಕ್ಕಿದೆ, ಬುಟ್ಟಿಗೆ ಹಾಕಿ ಕಳಿಸು ಎಂದಳು. ಗಡಿಗೆಯನ್ನು ಜಾಗದಿಂದ ಎತ್ತುವಂತಿಲ್ಲ ಎಂದ ಮಾಮಾ. ನಾನು ಸಿಟ್ಟಿನಲ್ಲಿ ಮೇಲೆ ಹೋಗಿ ಎಲ್ಲವನ್ನೂ ಹೇಳಿದೆ. ಚಪ್ಪಡಿ, ಸುಣ್ಣ, ಗಡಿಗೆ, ಜೇಬಿನಲ್ಲಿರುವ ಪತ್ರ. ಯಾವ ಮೂಲೆ ಎಂದು ಕೇಳಿದಳು. ಹೇಳಿದೆ. ಅವ್ವ ಕಿಟಕಿಯಿಂದ ಈಚೆ ಬಂದು ಕುರ್ಚಿಯಲ್ಲಿ ಕೂತಳು.

“ಕದಮ್‌ನ್ನ ಕರಿ. ನನ್ನ ಕೆಳಗ ಇಳಸ್ರಿ” ಎಂದಳು.

ಎಂಟು ತಿಂಗಳು ಒಲ್ಲೆ ಎಂದವಳು! ಕದಮ್ ಒಂದು ಕಡೆ, ಶಾಂತವ್ವನ ಗಂಡ ಒಂದು ಕಡೆ ಕುರ್ಚಿ ಹಿಡಿದರು, ನಾನು ಹಿಂದೆ. ಇಪ್ಪತ್ತೆರಡು ಮೆಟ್ಟಿಲುಗಳ ಉದ್ದಕ್ಕೂ ಅವ್ವ ಕದಮ್‌ಗೆ ಮರಾಠಿಯಲ್ಲೂ ಶಾಂತವ್ವನ ಗಂಡನಿಗೆ ಕನ್ನಡದಲ್ಲೂ ಹೇಗೆ ಹಿಡಿಯಬೇಕು, ಎಲ್ಲಿ ಹೆಜ್ಜೆ ಇಡಬೇಕು ಎಂದು ಕಲಿಸುತ್ತಾ ಬಂದಳು. ಟೇಲರ್ ಹೊಲಿಗೆ ನಿಲ್ಲಿಸಿ ಎದ್ದು ನಿಂತ. ಕುರ್ಚಿಯನ್ನು ಗುಂಡಿಯ ಅಂಚಿಗಿಟ್ಟಾಗ ಅವ್ವ ಚಪ್ಪಲಿ ಬಿಟ್ಟು ಅಂಗಾಲು ಮಣ್ಣಿಗೆ ಊರಿದಳು, ಬಗ್ಗಿ ಗಡಿಗೆಯನ್ನು ನೋಡಿದಳು.

“ಆ ಚಪ್ಪಡಿ ನಾನ ಇಟ್ಟದ್ದು” ಎಂದಳು.

ಮಾಮಾ ನಕ್ಕ. ಅಕ್ಕ ತನ್ನ ಖೋಲಿಗಾಗಿ ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡಿರಬೇಕು, ನಾನೂ ಹಾಗೇ ಅಂದುಕೊಂಡೆ. ಅವ್ವ ನಗಲಿಲ್ಲ. ಒಳಗೆ ಪಗಡೆಯ ಏಳು ಕವಡೆ, ಒಂದು ಕಾಡಿಗೆ ಡಬ್ಬಿ, ತನ್ನ ಮದುವೆಯ ಹಸಿರು ಬಳೆಯ ಚೂರುಗಳು ಇವೆ, ತೆಗೆದು ನೋಡು ಎಂದಳು. ಮಾಮಾ ಒಂದು ಗಳಿಗೆ ಅನುಮಾನಿಸಿ, ಸುಣ್ಣವನ್ನು ಮೆಲ್ಲಗೆ ಕೆರೆದು ಕಲ್ಲು ಸರಿಸಿ ಕೈ ಇಳಿಸಿದ. ಕವಡೆಗಳು ಒಂದೊಂದಾಗಿ ಹೊರಗೆ ಬಂದವು. ಏಳು. ಆಮೇಲೆ ಬಳೆ ಚೂರು, ಆಮೇಲೆ ಹಸಿರುಗಟ್ಟಿದ ಕಾಡಿಗೆ ಡಬ್ಬಿ.

ಆಗ ಅವ್ವ ಹೇಳಿದ ಸಂಗತಿ ನನಗೂ ಹೊಸದು. ಮಾಮಾ ಮೆಟ್ರಿಕ್‌ನಲ್ಲಿ ಎರಡನೆಯ ಸಲ ಫೇಲಾದಾಗ ಅಜ್ಜ ಅವನನ್ನು ಧಾರವಾಡದ ಮನೆಯಿಂದ ಹೊರಗೆ ಹಾಕಿದ್ದರಂತೆ. ಇಲ್ಲಿಗೆ ಬಂದವನಿಗೆ ಮಾತಿಲ್ಲ, ಊಟವಿಲ್ಲ. ಹಳೆಯ ಕಾಲದ ಬಗ್ಗೆ ಯಾವುದೋ ಪುಸ್ತಕ ಓದುವುದು, ಒಂದು ಉಳಿ ಹಿಡಿದು ಹಿತ್ತಿಲು ಅಗೆಯುವುದು. ಏನೂ ಸಿಗಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡು ಮಲಗುವುದು. ತಮ್ಮ ಎಲ್ಲಿ ಕೈತಪ್ಪಿ ಹೋಗುತ್ತಾನೋ ಎಂದು ಅವ್ವನಿಗೆ ಭಯ ಹತ್ತಿತ್ತು. ಒಂದು ಮಧ್ಯಾಹ್ನ ಅವನು ಹೊರಗೆ ಹೋದಾಗ ತಾನೇ ಗುಂಡಿ ತೋಡಿ ಈ ಗಡಿಗೆ ಹುಗಿದಿದ್ದಳು.

“ಹಳೇ ಮಂದಿ ಮ್ಯಾಲ ಚಪ್ಪಡಿ ಇಟ್ಟು ಸುಣ್ಣ ಮೆತ್ತತಿದ್ರು ಅಂತ ನೀನ ಓದಿ ಹೇಳಿದ್ದಿ. ಹಂಗ ಮಾಡಿದೆ” ಎಂದಳು.

“ಮತ್ತ ನನಗ್ಯಾಕ ಹೇಳಲಿಲ್ಲ?” ಎಂದು ಕೇಳಿದ ಮಾಮಾ.

“ಹೇಳಿದ್ರ ನಿನಗ ಸಿಕ್ಕಂಗ ಹೆಂಗ ಆಗ್ತಿತ್ತು? ದಿನಾ ಕಿಟಕ್ಯಾಗ ನಿಂತು ನೋಡತಿದ್ದೆ. ನೀ ಮಗ್ಗಲಕ್ಕ ಅಗದಿ. ಒಂದು ಮೊಳ ತಪ್ಪಿತು. ಅಷ್ಟರಾಗ ನಿನಗ ಕಾಲೇಜಿನವ್ರು ನಕ್ಷಾ ಬರಿಯಾಕ ಕರದ್ರು, ಹೋದಿ. ನಮ್ಮ ಮನಿಯವ್ರು ಮ್ಯಾಲ ಫರಶಿ ಹಾಕಿಸಿದ್ರು. ನಾನೂ ಮರತೆ.”

ಗುಂಡಿಯೊಳಗೆ ಕೂತ ಎಪ್ಪತ್ತು ವರ್ಷದ ಮನುಷ್ಯ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅಳತೆಪಟ್ಟಿ ಇಡಲಿಲ್ಲ, ನಂಬರು ಹಾಕಲಿಲ್ಲ. ನಾನು ಅವನಿಗೆ ಅಂದ ಮಾತು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ. ಏನೂ ಅರ್ಥವಾಗದ ಕದಮ್, ಕೆಲಸ ನಿಲ್ಲಿಸಬೇಕೇ ಎಂದು ಮೆಲ್ಲಗೆ ಕೇಳಿದ. ಮಾಮಾ ಜೇಬಿನ ಪತ್ರ ತೆಗೆದು ಹರಿದು, ಇವತ್ತೇ ಕಾಂಕ್ರೀಟು ಹಾಕಿಸು, ಮಳೆ ಬರುವುದರೊಳಗೆ ನಮ್ಮ ಅಕ್ಕನ ಖೋಲಿ ಆಗಬೇಕು ಎಂದ. ಆ ಭರದಲ್ಲಿ ಕನ್ನಡದಲ್ಲೇ ಹೇಳಿದ್ದ. ಕದಮ್‌ಗೆ ಕನ್ನಡ ಬರುವುದಿಲ್ಲ, ಆದರೂ ಸಿಮೆಂಟು ಕಲಸಲು ಹೇಳಿದ.

ಅವ್ವ ಕುರ್ಚಿಯಿಂದ ಬಗ್ಗಿ, ಮಣ್ಣು ಮೆತ್ತಿದ ತಮ್ಮನ ತಲೆಯ ಮೇಲೆ ಕೈಯಿಟ್ಟಳು.

“ಸಿಕ್ತಲ್ಲ ಈಗ” ಎಂದಳು.

“ಸಿಕ್ತಕ್ಕಾ” ಎಂದ ಮಾಮಾ, ಅಳುತ್ತಾ.